ನಗೆಯೋಗ: ಆರಂಭಿಸುವ ಬಗೆ ಮತ್ತು ಪ್ರಯೋಜನ

ಕಲಬುರಗಿಯ ಬೇಸಿಗೆಯಲ್ಲಿ ಬಿಸಿಲು ಬೇಗ ಏರುವುದರಿಂದ, ನಗೆಯೋಗಕ್ಕೆ ಅಪ್ಪನ ಕೆರೆಯ ದಂಡೆಯಂತಹ ತೆರೆದ ಜಾಗದಲ್ಲಿ ಬೆಳಿಗ್ಗೆ ಆರರ ಸುಮಾರಿಗೆ ಸೇರುವುದು ಲೇಸು. 1995ರಲ್ಲಿ ಮುಂಬಯಿಯ ವೈದ್ಯ ಮದನ್ ಕಟಾರಿಯಾ ಉದ್ಯಾನವೊಂದರಲ್ಲಿ ಕೆಲವೇ ಜನರೊಂದಿಗೆ ಆರಂಭಿಸಿದ ಈ ಪದ್ಧತಿಗೆ ಚಾಪೆಯೂ ಬೇಡ, ನಗೆಹನಿಯೂ ಬೇಡ.

ಮೊದಲು ವೃತ್ತಾಕಾರವಾಗಿ ನಿಂತು, ಬೆರಳಿಗೆ ಬೆರಳು, ಅಂಗೈಗೆ ಅಂಗೈ ತಾಗುವಂತೆ ಚಪ್ಪಾಳೆ ತಟ್ಟುತ್ತ ‘ಹೋ ಹೋ, ಹಾ ಹಾ ಹಾ’ ಎನ್ನಬೇಕು; ಬಳಿಕ ಮೂಗಿನಿಂದ ಉಸಿರೆಳೆದು, ಅದಕ್ಕಿಂತ ದೀರ್ಘವಾಗಿ ಹೊರಬಿಡಬೇಕು. ಅನಂತರ ಕೈಯಲ್ಲಿ ಎರಡು ಲೋಟಗಳಿವೆಯೆಂದು ಭಾವಿಸಿ, ಮಜ್ಜಿಗೆಯನ್ನು ಒಂದರಿಂದ ಇನ್ನೊಂದಕ್ಕೆ ‘ಏ...’ ಎನ್ನುತ್ತ ಸುರಿದು, ಮರಳಿ ಮೊದಲಿನದಕ್ಕೆ ಸುರಿದು, ಕುಡಿದಂತೆ ಅಭಿನಯಿಸಿ, ಎದುರಿನವರ ಕಣ್ಣು ನೋಡುತ್ತ ನಗಬೇಕು. ಆರಂಭದ ನಗೆ ಕೃತಕವೇ. ನಾಚಿ ಸೆರಗನ್ನು ಬಾಯಿಗೆ ಅಡ್ಡ ಹಿಡಿಯುವವರನ್ನು ಒತ್ತಾಯಿಸಬಾರದು, ಪಕ್ಕದವರ ನಗೆ ಅವರಿಗೆ ತಾನಾಗಿಯೇ ಅಂಟುತ್ತದೆ.

ಇದರಿಂದ ವಪೆ (ಎದೆ ಮತ್ತು ಹೊಟ್ಟೆಯ ನಡುವೆ ಇರುವ, ಉಸಿರಾಟಕ್ಕೆ ನೆರವಾಗುವ ಸ್ನಾಯುಪದರ) ಮತ್ತು ಹೊಟ್ಟೆಯ ಸ್ನಾಯುಗಳು ದುಡಿದು ಉಸಿರಾಟ ಆಳವಾಗುತ್ತದೆ, ಮನಸ್ಸಿನ ಬಿಗುವು ಸಡಿಲುತ್ತದೆ. ಆದರೆ ಮಕ್ಕಳು ಬೆಂಗಳೂರಿಗೋ ಪುಣೆಗೋ ಹೋಗಿ ಒಂಟಿಯಾದ ಹಿರಿಯರಿಗೆ, ಒಂದು ದಿನ ತಪ್ಪಿಸಿದರೆ ‘ನಿನ್ನಿ ಯಾಕ ಬರಲಿಲ್ರಿ?’ ಎಂದು ವಿಚಾರಿಸುವ ಬಳಗ ಸಿಗುವುದೇ ದೊಡ್ಡ ಲಾಭವೆಂದು ನನ್ನ ಭಾವನೆ.

ಹರ್ನಿಯಾ ಅಥವಾ ಹತೋಟಿಗೆ ಬಾರದ ರಕ್ತದೊತ್ತಡವಿರುವವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾದವರು ವೈದ್ಯರನ್ನು ಕೇಳಿಯೇ ಸೇರಬೇಕು.