ಮೊದಲು ನೀರು, ಆಮೇಲೆ ಮೀನು

ಪಶುವೈದ್ಯ ಓದುವ ಹುಡುಗರು ದನ, ಕುರಿ, ನಾಯಿ ಎಲ್ಲ ನೋಡಿರುತ್ತಾರೆ. ಮೀನಿಗೆ ಚಿಕಿತ್ಸೆ ಅಂದರೆ ಮಾತ್ರ ಸುಮ್ಮನಾಗುತ್ತಾರೆ. ಅದಕ್ಕೇ ಕೊನೆಯ ವರ್ಷದ ನಾಲ್ವರನ್ನು ಐದು ದಿನ ಪಾಂಡವಪುರದ ಕಡೆಯ ಒಂದು ಹೊಂಡಕ್ಕೆ ಕರೆದುಕೊಂಡು ಹೋದೆ. ನಾಲೆ ನೀರಿನ ಹೊಂಡ. ಕಾಟ್ಲಾ, ರೋಹು, ಮೃಗಾಲ್ ಎಂಬ ಗೆಂಡೆ ಜಾತಿಯ ಮೀನು ಬಿಟ್ಟಿದ್ದರು.

ಮೊದಲ ದಿನ ಬೆಳಗಿನ ಜಾವ 5 ಗಂಟೆಗೇ ದಡದಲ್ಲಿ ನಿಲ್ಲಿಸಿದೆ. ರಾತ್ರಿಯೆಲ್ಲ ಪಾಚಿಯೂ ಉಸಿರಾಡುತ್ತದೆ. ಹಾಗಾಗಿ ನೀರಿನಲ್ಲಿ ಆಮ್ಲಜನಕ ತೀರಾ ಇಳಿಯುವುದು ಸೂರ್ಯ ಹುಟ್ಟುವ ಮುಂಚೆ. ಆಮ್ಲಜನಕ ಅಳೆಯುವ ಮೀಟರ್, ಲೀಟರಿಗೆ 2 ಮಿಲಿಗ್ರಾಂ ತೋರಿಸಿತು. ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಮಧ್ಯಾಹ್ನ 3ಕ್ಕೆ ಅದೇ ಜಾಗದಲ್ಲಿ 9 ಇತ್ತು. ಗೆಂಡೆ ಮೀನಿಗೆ 5ರ ಮೇಲಿದ್ದರೆ ನೆಮ್ಮದಿ.

ಈ ಪಾಠ ನಾನು ಕಲಿತದ್ದು ನಷ್ಟದಿಂದ. ಕೆಲಸಕ್ಕೆ ಸೇರಿದ ಹೊಸತರಲ್ಲಿ ರೈತರೊಬ್ಬರು ಮೀನು ಸಾಯುತ್ತಿವೆ ಎಂದು ಕರೆದರು. ನಾನು ಹೋಗಿದ್ದು ಮಧ್ಯಾಹ್ನ. ಆ ಹೊತ್ತಿಗೆ ನೀರು ಸರಿಯಾಗೇ ಇತ್ತು. ರೋಗ ಅಂದುಕೊಂಡು ಔಷಧಿ ಬರೆದೆ. ಎರಡು ಬೆಳಗು ಕಳೆಯುವಷ್ಟರಲ್ಲಿ ಅರ್ಧ ಮೀನು ತೇಲಿದ್ದವು. ಅವರ ಮುಖ ಇವತ್ತಿಗೂ ಕಣ್ಣ ಮುಂದಿದೆ.

ಎರಡನೇ ದಿನದಿಂದ ಸೂಕ್ಷ್ಮದರ್ಶಕ. ಲವಂಗದ ಎಣ್ಣೆ ನೀರಿನಲ್ಲಿ ಬೆರೆಯುವುದಿಲ್ಲ, ಮೊದಲು ಸ್ವಲ್ಪ ಸ್ಪಿರಿಟ್‌ನಲ್ಲಿ ಕಲಸಬೇಕು. ಅದನ್ನು ನೀರಿಗೆ ಹಾಕಿ ಮೀನಿಗೆ ಮಂಪರು ಬರಿಸಿ, ಕೈ ಒದ್ದೆ ಮಾಡಿಕೊಂಡು ಹಿಡಿದು, ಕಿವಿರಿನ ತುದಿಯನ್ನು ಚೂರೇ ಕತ್ತರಿಸುವುದು. ಗಾಜಿನ ಮೇಲೆ ಹೊಂಡದ್ದೇ ನೀರು ಒಂದು ಹನಿ. ನಲ್ಲಿ ನೀರು ಬೇಡ, ಅದರಲ್ಲಿ ಕ್ಲೋರಿನ್ ಇರುತ್ತದೆ. ಒಬ್ಬ ಹುಡುಗನಿಗೆ ಕಿವಿರಿಗೆ ಅಂಟಿಕೊಳ್ಳುವ, ನಾಲ್ಕು ಕಪ್ಪು ಕಣ್ಣಿನ ಡ್ಯಾಕ್ಟೈಲೋಗೈರಸ್ ಎಂಬ ಪರಾವಲಂಬಿ ಹುಳು ಸಿಕ್ಕಿತು. 'ಸರ್, ಬೇಗ ಬನ್ನಿ!' ಅಂತ ಅವನು ಕೂಗಿದ್ದು ಕೇಳಿ ಪಕ್ಕದ ಕಬ್ಬಿನ ಗದ್ದೆಯವರೂ ಬಂದು ಇಣುಕಿದರು. ಹುಳು ನೋಡಬೇಕಾದರೆ ಮೀನು ಜೀವಂತ ಇರಬೇಕು. ಸತ್ತ ಮೀನನ್ನು ಐಸ್‌ನಲ್ಲಿಟ್ಟು ತಂದರೆ ಮೈಗೆ ಅಂಟಿದ್ದ ಮೀನು ಹೇನೂ ಬಿಟ್ಟು ಹೋಗಿರುತ್ತದೆ, ಕಿವಿರೂ ಕೊಳೆತಿರುತ್ತದೆ.

ಐದನೇ ದಿನ ಬೇರೆ ಹೊಂಡಕ್ಕೆ ಹೋದೆವು. ಅಲ್ಲಿನ ಅಜ್ಜ, 'ಡಾಕ್ಟ್ರೇ, ಮೀನು ಸಾಯ್ತಾವೆ, ಏನಾದ್ರೂ ಔಷ್ದಿ ಕೊಡಿ' ಅಂದರು. ನಾನು ಬಾಯಿ ತೆರೆಯುವ ಮೊದಲೇ ನಮ್ಮ ನಾಲ್ವರಲ್ಲಿದ್ದ ಹುಡುಗಿ ಅವರ ಪಕ್ಕ ಕೂತು ಕೇಳಿದಳು: 'ತಾತ, ಎಷ್ಟು ಹೊತ್ತಿಗೆ ಸಾಯ್ತಾವೆ? ಬೆಳಿಗ್ಗೆ ಮೇಲೆ ಬಂದು ಬಾಯಿ ಬಿಡ್ತಾವಾ?'