ಗಾಜಿಲ್ಲದೆ ಬೆಳಗುವ ಎಣ್ಣೆ ದೀಪ: ಒಳಗೊಂದು ಫ್ಯಾನ್ ಇಟ್ಟು ಮಾಡುವುದು ಹೇಗೆ?

ಉರಿಯುತ್ತಿರುವ ಸೀಮೆಎಣ್ಣೆ ದೀಪದ ಗಾಜಿನ ಚಿಮಣಿ ತೆಗೆದುಬಿಟ್ಟರೆ ಬೆಳ್ಳಗಿದ್ದ ಉರಿ ಕೆಂಪಗಾಗಿ, ಉದ್ದಕ್ಕೆ ಎದ್ದು, ತುದಿಯಲ್ಲಿ ಕಪ್ಪು ಹೊಗೆ ಬಿಡಲು ಶುರು ಮಾಡುತ್ತದೆ. ಎಣ್ಣೆ ಅದೇ, ಬತ್ತಿ ಅದೇ. ಕಡಿಮೆಯಾದದ್ದು ಗಾಳಿ. ಚಿಮಣಿ ಇರುವುದು ಉರಿಗೆ ಗಾಳಿ ತಾಗದಂತೆ ಮರೆ ಮಾಡುವುದಕ್ಕೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಮರೆ ಮಾಡುತ್ತದೆ, ನಿಜ. ಆದರೆ ಅದರ ದೊಡ್ಡ ಕೆಲಸ ಬೇರೆಯೇ ಇದೆ: ಒಳಗಿನ ಬಿಸಿ ಗಾಳಿ ಮೇಲೇರುವಾಗ ಕೆಳಗಿನಿಂದ ಹೊಸ ಗಾಳಿಯನ್ನು ಎಳೆದುಕೊಳ್ಳುವುದು.

ಆ ಎಳೆತವನ್ನು ಒಂದು ಪುಟ್ಟ ಫ್ಯಾನಿನಿಂದ ಕೊಟ್ಟರೆ ಗಾಜೇ ಬೇಡ. ಒಡೆಯುವ ಭಯ ಇಲ್ಲ, ಮಸಿ ಒರೆಸುವ ಕೆಲಸ ಇಲ್ಲ. ಇದು ಹೊಸ ಯೋಚನೆಯೂ ಅಲ್ಲ. 19ನೇ ಶತಮಾನದ ಕೊನೆಯ ದಶಕಗಳಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ವಾಟರ್‌ಟೌನ್‌ನಲ್ಲಿ ಹಿಚ್‌ಕಾಕ್ ದೀಪ ಅಂತ ತಯಾರಾಗುತ್ತಿತ್ತು. ಅದರ ತಳದಲ್ಲಿ ಗಡಿಯಾರದ ಹಾಗೆ ಕೀ ಕೊಡುವ ಸ್ಪ್ರಿಂಗ್ ಯಂತ್ರ, ಅದಕ್ಕೆ ಜೋಡಿಸಿದ ಫ್ಯಾನ್. ಕೆನಡಾದ ಹ್ಯಾಮಿಲ್ಟನ್‌ನಲ್ಲಿ ಹೊಲಿಗೆ ಯಂತ್ರ ಮಾಡುತ್ತಿದ್ದ ವಾನ್ಜರ್ ಕೂಡ ಇಂಥದ್ದೇ ದೀಪ ಮಾಡಿದ. ಹಲ್ಲುಚಕ್ರಗಳ ಕೆಲಸ ಗೊತ್ತಿದ್ದವನಿಗೆ ಅದೇನು ಕಷ್ಟ, ಅಲ್ವಾ?

ಈಗ ನಾವೇ ಒಂದು ಮಾಡುವುದು ಹೇಗೆ ಅಂತ ನೋಡೋಣ. ತವರದ ತಗಡು ಕತ್ತರಿಸಿ ಬೆಸುಗೆ ಹಾಕಲು ಬಂದರೆ ಸಾಕು.

ಮೊದಲು ಸ್ವಲ್ಪ ಲೆಕ್ಕ

25 ಮಿ.ಮೀ. ಅಗಲದ ಚಪ್ಪಟೆ ಬತ್ತಿ ತೆಗೆದುಕೊಳ್ಳಿ. ಅದು ಚೆನ್ನಾಗಿ ಉರಿದರೆ ಗಂಟೆಗೆ ಹೆಚ್ಚುಕಡಿಮೆ 30 ಮಿ.ಲೀ. ಸೀಮೆಎಣ್ಣೆ ಕುಡಿಯುತ್ತದೆ ಅಂತ ಇಟ್ಟುಕೊಳ್ಳೋಣ. ತೂಕದಲ್ಲಿ ಅದು 24 ಗ್ರಾಂ. ಒಂದು ಗ್ರಾಂ ಸೀಮೆಎಣ್ಣೆ ಪೂರ್ತಿ ಉರಿಯಲು ಸುಮಾರು 15 ಗ್ರಾಂ ಗಾಳಿ ಬೇಕು. ಅಂದರೆ ಗಂಟೆಗೆ 360 ಗ್ರಾಂ, ಅಳತೆಯಲ್ಲಿ 300 ಲೀಟರ್, ನಿಮಿಷಕ್ಕೆ 5 ಲೀಟರ್. ಎಲ್ಲ ಗಾಳಿಯೂ ಎಣ್ಣೆಯ ಆವಿಯ ಜೊತೆ ಸರಿಯಾಗಿ ಬೆರೆಯುವುದಿಲ್ಲ, ಅದಕ್ಕೆ ಎರಡು ಪಟ್ಟು ಹಿಡಿದು ನಿಮಿಷಕ್ಕೆ 10 ಲೀಟರ್ ಅನ್ನೋಣ.

ಇನ್ನು ಒತ್ತಡ. 25 ಸೆಂ.ಮೀ. ಎತ್ತರದ ಚಿಮಣಿ, ಒಳಗೆ ಸರಾಸರಿ 400 ಡಿಗ್ರಿ ಸೆಲ್ಸಿಯಸ್ ಬಿಸಿ ಇದ್ದರೆ ಅದರ ಎಳೆತ ಬರೀ 1.6 ಪ್ಯಾಸ್ಕಲ್. ನೀರಿನ ಮಟ್ಟದಲ್ಲಿ ಅಳೆದರೆ ಒಂದು ಮಿಲಿಮೀಟರಿನ ಆರನೇ ಒಂದು ಭಾಗ. ಕಣ್ಣಿಗೂ ಕಾಣುವುದಿಲ್ಲ! ಫ್ಯಾನು ಕೊಡಬೇಕಾದದ್ದೂ ಇಷ್ಟೇ, ಬೇಕಾದರೆ 2 ಪ್ಯಾಸ್ಕಲ್ ಅನ್ನಿ. ಒತ್ತಡವನ್ನೂ ಗಾಳಿಯ ಹರಿವನ್ನೂ ಗುಣಿಸಿದರೆ ಸಿಗುವ ಶಕ್ತಿ ಒಂದು ವಾಟ್‌ನ ಮೂರು ಸಾವಿರದಲ್ಲಿ ಒಂದು ಭಾಗ. ಅದೇ ಹೊತ್ತಿಗೆ ಉರಿ ಸುಮಾರು 290 ವಾಟ್ ಶಾಖ ಹೊರಹಾಕುತ್ತಿರುತ್ತದೆ.

ಈ ದೀಪದ ಗುಟ್ಟೆಲ್ಲ ಇಲ್ಲಿದೆ. ಗಾಳಿ ತಳ್ಳುವುದು ಸುಲಭ, ಅದನ್ನು ಪಳಗಿಸುವುದು ಕಷ್ಟ. ಫ್ಯಾನ್ ದೀಪ ಮಾಡಲು ಹೊರಟವರಲ್ಲಿ ತುಂಬಾ ಜನ ಜೋರಾದ ಫ್ಯಾನ್ ಹುಡುಕಿಕೊಂಡು ಬರುತ್ತಾರೆ, ಆಮೇಲೆ ದೀಪ ಯಾಕೆ ಆರಿಹೋಗುತ್ತಿದೆ ಅಂತ ತಲೆ ಕೆಡಿಸಿಕೊಳ್ಳುತ್ತಾರೆ.

ಹಂತ 1: ಬರ್ನರ್

ಇಲ್ಲಿ ಸಮಯ ಹಾಕಿ. ಉಳಿದದ್ದನ್ನು ಹೇಗೆ ಮಾಡಿದರೂ ನಡೆಯುತ್ತದೆ, ಇದು ನಡೆಯುವುದಿಲ್ಲ.

ಬತ್ತಿ ಹಾಯುವ ಚಪ್ಪಟೆ ಕೊಳವೆಯನ್ನು ತೆಳುವಾದ ಹಿತ್ತಾಳೆ ತಗಡಿನಿಂದ ಮಾಡಿ. ದಪ್ಪ ತಗಡು ಬೇಡ, ಅದು ಉರಿಯ ಬಿಸಿಯನ್ನು ಕೆಳಗೆ ಟ್ಯಾಂಕಿಗೆ ಸಾಗಿಸುತ್ತದೆ. ಬತ್ತಿ ಏರಿಸಿ ಇಳಿಸುವ ಹಲ್ಲಿನ ತಿರುಪನ್ನು ಹಳೆಯ ಬರ್ನರಿನಿಂದ ತೆಗೆದುಕೊಳ್ಳುವುದು ಜಾಣತನ. ಕೊಳವೆಯ ಮೇಲೆ ಗುಮ್ಮಟದಂಥ ಒಂದು ಟೋಪಿ ಕೂರಬೇಕು. ಟೋಪಿಯ ನೆತ್ತಿಯಲ್ಲಿ 30 ಮಿ.ಮೀ. ಉದ್ದ, 8 ಮಿ.ಮೀ. ಅಗಲದ ಸೀಳು. ಬತ್ತಿಯ ತುದಿ ಈ ಸೀಳಿಗಿಂತ 4–5 ಮಿ.ಮೀ. ಕೆಳಗಿರಲಿ.

ಕೆಳಗಿನಿಂದ ಬರುವ ಗಾಳಿ ಟೋಪಿಯ ಒಳಮೈಗೆ ಬಡಿದು, ಎರಡೂ ಕಡೆಯಿಂದ ಓರೆಯಾಗಿ ಬತ್ತಿಯ ತುದಿಯ ಕಡೆ ಬಾಗುತ್ತದೆ. ಎಣ್ಣೆಯ ಆವಿ ಇನ್ನೂ ಹೊಗೆಯಾಗುವ ಮೊದಲೇ ಗಾಳಿ ಅದಕ್ಕೆ ಸಿಗಬೇಕು, ಅದಕ್ಕೇ ಈ ಓರೆ. ಉರಿ ಎರಡು ಕೈಗಳ ನಡುವೆ ಒತ್ತಿದ ರೊಟ್ಟಿ ಹಿಟ್ಟಿನ ಹಾಗೆ ತೆಳ್ಳಗೆ, ಅಗಲವಾಗಿ ಹರಡಿಕೊಳ್ಳುತ್ತದೆ. ನಿಮಿಷಕ್ಕೆ 10 ಲೀಟರ್ ಗಾಳಿ ಈ ಸೀಳಿನಲ್ಲಿ ಹಾಯುವಾಗ ಅದರ ವೇಗ ಸೆಕೆಂಡಿಗೆ ಮುಕ್ಕಾಲು ಮೀಟರಿಗಿಂತ ಚೂರು ಕಡಿಮೆ. ಉರಿ ಇದನ್ನು ತಡೆದುಕೊಳ್ಳುತ್ತದೆ.

ಸೀಳಿನ ಸುತ್ತ ಸಣ್ಣ ತೂತುಗಳ ಒಂದು ಸಾಲೂ ಬೇಕಾಗಬಹುದು. ಉರಿಯ ಮೇಲ್ಭಾಗಕ್ಕೆ ಗಾಳಿ ಸಾಲದೆ ತುದಿ ಮಾತ್ರ ಹೊಗೆಯಾಡಿದರೆ ಇವು ಕೆಲಸಕ್ಕೆ ಬರುತ್ತವೆ. ಆದರೆ ಮೊದಲೇ ಎಲ್ಲ ಕೊರೆಯಬೇಡಿ. ದೀಪ ಹಚ್ಚಿ ನೋಡಿ, ಆರಿಸಿ ತಣ್ಣಗಾದ ಮೇಲೆ ನಾಲ್ಕು ಕೊರೆಯಿರಿ, ಮತ್ತೆ ನೋಡಿ. ತೂತು ಕೊರೆಯುವುದು ಒಂದು ನಿಮಿಷದ ಕೆಲಸ, ಮುಚ್ಚುವುದು ಅರ್ಧ ದಿನದ ಕೆಲಸ.

ಹಂತ 2: ಟ್ಯಾಂಕು ಮತ್ತು ಹೊರಕವಚ

ಟ್ಯಾಂಕಿನ ಸುತ್ತ ಇನ್ನೊಂದು ಡಬ್ಬ. 90 ಮಿ.ಮೀ. ವ್ಯಾಸದ ಟ್ಯಾಂಕಿಗೆ 110 ಮಿ.ಮೀ. ವ್ಯಾಸದ ಹೊರಕವಚ ಹಾಕಿದರೆ ಸುತ್ತಲೂ 10 ಮಿ.ಮೀ. ಸಂದು ಉಳಿಯುತ್ತದೆ. ಫ್ಯಾನಿನ ಗಾಳಿ ಈ ಸಂದಿನಲ್ಲೇ ಮೇಲೇರಿ ಟೋಪಿಯ ಒಳಗೆ ಹೋಗಬೇಕು. ಈ ದಾರಿಯ ವಿಸ್ತೀರ್ಣ ಮೇಲಿನ ಸೀಳಿಗಿಂತ ಹತ್ತು ಪಟ್ಟಿಗೂ ಜಾಸ್ತಿ ಇದೆ, ಹಾಗಾಗಿ ಗಾಳಿ ಇಲ್ಲಿ ನಿಧಾನಕ್ಕೆ ಸಾಗುತ್ತದೆ, ಒತ್ತಡ ಪೋಲಾಗುವುದಿಲ್ಲ.

ಈ ಜೋಡಣೆಯಿಂದ ಇನ್ನೊಂದು ಲಾಭವಿದೆ: ತಣ್ಣನೆಯ ಗಾಳಿ ಟ್ಯಾಂಕನ್ನು ಸವರಿಕೊಂಡೇ ಹೋಗುವುದರಿಂದ ಎಣ್ಣೆ ಬಿಸಿಯಾಗುವುದಿಲ್ಲ. ಸೀಮೆಎಣ್ಣೆಯ ಆವಿ ಕಿಡಿಗೆ ಹೊತ್ತಿಕೊಳ್ಳುವಷ್ಟು ಏಳಲು ಎಣ್ಣೆ ಕನಿಷ್ಠ 38 ಡಿಗ್ರಿ ಬಿಸಿಯಾಗಬೇಕು. ಅದು ಹೆಚ್ಚುಕಡಿಮೆ ನಮ್ಮ ಮೈಯ ಬಿಸಿ. ಆದ್ದರಿಂದ ಥರ್ಮಾಮೀಟರ್ ಇಲ್ಲದಿದ್ದರೂ ಒಂದು ಪರೀಕ್ಷೆ ಸಾಧ್ಯ: ಒಂದು ಗಂಟೆ ಉರಿಸಿ, ಆರಿಸಿ, ಟ್ಯಾಂಕಿನ ಮೈ ಮುಟ್ಟಿ. ಕೈಗೆ ಬೆಚ್ಚಗೆ ಅನಿಸಿದರೆ ವಿನ್ಯಾಸದಲ್ಲಿ ಏನೋ ತಪ್ಪಿದೆ, ಬರ್ನರನ್ನು ಇನ್ನಷ್ಟು ಎತ್ತರಕ್ಕೆ ಏರಿಸಿ. ಪೆಟ್ರೋಲ್, ಥಿನ್ನರ್ ಇವನ್ನು ಈ ದೀಪದ ಹತ್ತಿರವೂ ತರಬೇಡಿ.

ಅಡುಗೆ ಎಣ್ಣೆ ಹಾಕಬಹುದಾ? ಹಾಕಬಹುದು, ಆದರೆ ಅದು ಸೀಮೆಎಣ್ಣೆಗಿಂತ ಎಷ್ಟೋ ಪಟ್ಟು ಗಟ್ಟಿ. ಬತ್ತಿಯಲ್ಲಿ ಎರಡು-ಮೂರು ಸೆಂ.ಮೀ. ಏರುವಷ್ಟರಲ್ಲಿ ಸುಸ್ತಾಗುತ್ತದೆ. ಹಾಗಾಗಿ ಅಗಲವಾದ, ಆಳವಿಲ್ಲದ ಟ್ಯಾಂಕು ಮಾಡಿ ಎಣ್ಣೆಯ ಮಟ್ಟವನ್ನು ಬತ್ತಿಯ ತುದಿಗೆ ಹತ್ತಿರ ಇಡಬೇಕು. ಪ್ಯಾರಿಸ್ಸಿನ ಗಡಿಯಾರ ತಯಾರಕ ಕಾರ್ಸೆಲ್ 1800ರಲ್ಲಿ ಇದಕ್ಕೇ ಅಂತ ಒಂದು ದೀಪ ಮಾಡಿದ. ಅದರಲ್ಲೂ ಸ್ಪ್ರಿಂಗ್ ಯಂತ್ರ ಇತ್ತು, ಆದರೆ ಅದು ಗಾಳಿಯ ಬದಲು ಎಣ್ಣೆಯನ್ನು ಮೇಲೆತ್ತುತ್ತಿತ್ತು.

ಹಂತ 3: ಫ್ಯಾನ್

ಕಂಪ್ಯೂಟರಿನಲ್ಲಿ ಹಾಕುವ 40 ಮಿ.ಮೀ. ಫ್ಯಾನ್ ಸಾಕು, ಸಾಕು ಅನ್ನುವುದಕ್ಕಿಂತ ಜಾಸ್ತಿಯೇ ಆಯಿತು. ಪೂರ್ತಿ ವೇಗದಲ್ಲಿ ಅದು ನಿಮಿಷಕ್ಕೆ 100 ಲೀಟರಿಗೂ ಹೆಚ್ಚು ಗಾಳಿ ದೂಡುತ್ತದೆ, ನಮಗೆ ಬೇಕಾದದ್ದು 10. ಬ್ರಷ್ (ತಿರುಗುವ ಭಾಗಕ್ಕೆ ಉಜ್ಜಿಕೊಂಡು ವಿದ್ಯುತ್ ಕೊಡುವ ತುಂಡು) ಇಲ್ಲದ ಮೋಟಾರು ಎಂಬುದೇ ಇದರ ದೊಡ್ಡ ಗುಣ. ಬ್ರಷ್ ಇರುವ ಆಟಿಕೆ ಮೋಟಾರು ಒಳಗೊಳಗೆ ಕಿಡಿ ಹಾರಿಸುತ್ತಿರುತ್ತದೆ, ಎಣ್ಣೆ ಟ್ಯಾಂಕಿನ ಕೆಳಗೆ ಅಂಥದ್ದನ್ನು ಇಡುವುದು ಬೇಡ.

ವೇಗ ಇಳಿಸಿದರೆ ಒತ್ತಡ ಅದರ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. ವೇಗ ಕಾಲು ಭಾಗಕ್ಕೆ ಬಂದರೆ ಒತ್ತಡ ಹದಿನಾರನೇ ಒಂದು ಭಾಗ. ಲೆಕ್ಕ ಚೆನ್ನಾಗಿದೆ, ಆದರೆ 12 ವೋಲ್ಟಿನ ತುಂಬಾ ಫ್ಯಾನುಗಳು 4–5 ವೋಲ್ಟಿಗಿಂತ ಕೆಳಗೆ ಸುಮ್ನೆ ನಿಂತುಬಿಡುತ್ತವೆ. ಅದಕ್ಕೆ ಉಪಾಯ: ಟ್ಯಾಂಕಿನ ಕೆಳಗೆ ಫ್ಯಾನ್ ಕೂರುವ ತಳದ ಡಬ್ಬಕ್ಕೆ ಒಂದು ಪುಟ್ಟ ಕಿಟಕಿ ಕತ್ತರಿಸಿ, ಜಾರುವ ಬಾಗಿಲು ಇಡಿ. ಹೆಚ್ಚಾದ ಗಾಳಿ ಅಲ್ಲಿಂದ ಹೊರಗೆ ಹೋಗುತ್ತದೆ. ಬಾಗಿಲನ್ನು ಕೂದಲೆಳೆಯಷ್ಟು ಸರಿಸಿದರೂ ಉರಿಯಲ್ಲಿ ವ್ಯತ್ಯಾಸ ಕಾಣುತ್ತದೆ. ಯಾವ ರೆಗ್ಯುಲೇಟರಿಗಿಂತಲೂ ಇದು ವಾಸಿ.

ಹಂತ 4: ಗಾಳಿಯನ್ನು ಪಳಗಿಸುವುದು

ಫ್ಯಾನಿನಿಂದ ಹೊರಬರುವ ಗಾಳಿ ಸುತ್ತುತ್ತಿರುತ್ತದೆ. ಹಾಗೇ ಬಿಟ್ಟರೆ ಉರಿಯ ಒಂದು ಮೂಲೆ ಎತ್ತರಕ್ಕೆ ಎದ್ದು, ಇನ್ನೊಂದು ಮೂಲೆ ಮಲಗಿಕೊಳ್ಳುತ್ತದೆ. ಇದಕ್ಕೆ ಎರಡು ಮದ್ದು. ಫ್ಯಾನಿನ ಮೇಲೆ ನಾಲ್ಕು ನೆಟ್ಟಗಿನ ತಗಡಿನ ಪಟ್ಟಿಗಳನ್ನು ಕೂಡುಚಿಹ್ನೆಯ ಹಾಗೆ ನಿಲ್ಲಿಸಿ, ಸುತ್ತುವಿಕೆ ಮುರಿಯುತ್ತದೆ. ಅದರ ಮೇಲೆ ಎರಡು ಪದರ ಸಣ್ಣ ಕಣ್ಣಿನ ಲೋಹದ ಜಾಲರಿ ಹಾಕಿ, ಎರಡರ ನಡುವೆ ಒಂದು ಸೆಂ.ಮೀ. ಅಂತರ ಇರಲಿ. ಬರ್ನರಿನ ಟೋಪಿಯ ಕೆಳಗೆ ಇನ್ನೊಂದು ಜಾಲರಿ ಹಾಕಿದರೆ ಇನ್ನೂ ಒಳ್ಳೆಯದು.

ಎಣ್ಣೆ ಹಾಕುವ ಮೊದಲು ಹೊಗೆಯಿಂದ ಪರೀಕ್ಷೆ ಮಾಡಿ. ಫ್ಯಾನ್ ಓಡಿಸಿ, ಹೊಗೆಯಾಡುವ ಊದುಬತ್ತಿಯನ್ನು ಫ್ಯಾನಿನ ಬಾಯಿಯ ಹತ್ತಿರ ಹಿಡಿಯಿರಿ. ಹೊಗೆ ಸೀಳಿನಿಂದ ಒಂದು ನೆಟ್ಟಗಿನ ತೆಳು ಹಾಳೆಯ ಹಾಗೆ ಬಂದರೆ ಗೆದ್ದಿರಿ. ಕವಚದ ಕೀಲುಗಳಲ್ಲಿ ಹೊಗೆ ಇಣುಕಿದರೆ ಅಲ್ಲಿ ಬೆಸುಗೆ ಬಿಟ್ಟಿದೆ. ಸುರುಳಿ ಸುರುಳಿಯಾಗಿ ಬಂದರೆ ಇನ್ನೊಂದು ಜಾಲರಿ ಬೇಕು.

ಹಂತ 5: ಹಚ್ಚಿ, ಹದ ಮಾಡಿ

ಮೊದಲ ಸಲ ಹೊರಗೆ, ನೆಲದ ಮೇಲೆ, ಪಕ್ಕದಲ್ಲಿ ಒಂದು ಬಕೆಟ್ ಮರಳು ಇಟ್ಟುಕೊಂಡು ಹಚ್ಚಿ. ಹೊಸ ಬತ್ತಿ ಎಣ್ಣೆ ಪೂರ್ತಿ ಹೀರಲು ಅರ್ಧ ಗಂಟೆ ಬಿಡಿ. ಕಿಟಕಿ ಪೂರ್ತಿ ತೆರೆದಿಟ್ಟು, ಅಂದರೆ ಬರ್ನರಿಗೆ ಗಾಳಿ ಕಡಿಮೆ ಮಾಡಿ, ಬತ್ತಿಯನ್ನು ತಗ್ಗಿಸಿಯೇ ಹಚ್ಚಬೇಕು. ಆಮೇಲೆ ಬತ್ತಿ ಚೂರು ಏರಿಸಿ, ಕಿಟಕಿ ಚೂರು ಮುಚ್ಚಿ. ಹೀಗೆ ಒಂದರ ಹಿಂದೆ ಒಂದು.

ಒಂದು ವಿಷಯ ನೆನಪಿರಲಿ. ಎಣ್ಣೆ ದೀಪದ ಬೆಳಕು ಬರುವುದೇ ಉರಿಯೊಳಗೆ ಕಾದು ಹೊಳೆಯುವ ಮಸಿಯ ಕಣಗಳಿಂದ. ಗಾಳಿ ಕಡಿಮೆಯಾದರೆ ಆ ಮಸಿ ಉರಿಯದೆ ಹೊರಗೆ ಬೀಳುತ್ತದೆ. ಗಾಳಿ ಜಾಸ್ತಿಯಾದರೆ ಮಸಿ ಹುಟ್ಟುವುದೇ ಇಲ್ಲ, ಉರಿ ನೀಲಿಯಾಗಿ ಕುಗ್ಗುತ್ತದೆ, ಬೆಳಕು ಇಳಿಯುತ್ತದೆ, ಇನ್ನೂ ಮುಂದೆ ಹೋದರೆ ಬತ್ತಿಯಿಂದ ಎದ್ದು ಆರಿಹೋಗುತ್ತದೆ. ನಮಗೆ ಬೇಕಾದದ್ದು ಇವೆರಡರ ನಡುವಿನ ಜಾಗ: ಬುಡದಲ್ಲಿ ತೆಳುವಾದ ನೀಲಿ ಗೆರೆ, ಅದರ ಮೇಲೆ ಗಟ್ಟಿಯಾದ ಬಿಳಿ-ಹಳದಿ, ತುದಿ ಚೂಪಾಗದೆ ದುಂಡಗೆ. ಒಂದು ಬಿಳಿ ಪಿಂಗಾಣಿ ತಟ್ಟೆಯನ್ನು ಉರಿಯಿಂದ ಒಂದಡಿ ಮೇಲೆ ಇಕ್ಕಳದಲ್ಲಿ ಸ್ವಲ್ಪ ಹೊತ್ತು ಹಿಡಿಯಿರಿ. ಕಪ್ಪಾಗದಿದ್ದರೆ ಹದ ಸರಿಯಾಗಿದೆ. ಉರಿಯ ಅಂಚಿನಲ್ಲಿ ಕೊಂಬು ಮೂಡಿದರೆ ಫ್ಯಾನನ್ನು ಬೈಯಬೇಡಿ, ಬತ್ತಿಯನ್ನು ನೆಟ್ಟಗೆ ಕತ್ತರಿಸಿ ಮೂಲೆಗಳನ್ನು ಸ್ವಲ್ಪ ದುಂಡಗೆ ಮಾಡಿ.

ಕೀ ಕೊಡುವ ಯಂತ್ರ ಬೇಕೆಂದರೆ

ವಿದ್ಯುತ್ ಇಲ್ಲದೆ ಮಾಡುವ ಆಸೆ ಸಹಜ, ಚಂದವೂ ಅದರಲ್ಲೇ ಇದೆ. ಆದರೆ ಬ್ಯಾಟರಿ ಫ್ಯಾನಿನಲ್ಲಿ ಬರ್ನರ್ ಸರಿಯಾಗುವವರೆಗೆ ಅದಕ್ಕೆ ಕೈ ಹಾಕಬೇಡಿ. ಗಾಳಿಗೆ ಬೇಕಾದ ಶಕ್ತಿ ತೀರಾ ಕಡಿಮೆ ಅಂದೆನಲ್ಲ, ಪುಟ್ಟ ಫ್ಯಾನುಗಳೂ ಹಲ್ಲುಚಕ್ರಗಳೂ ಅದರ ಹತ್ತಾರು ಪಟ್ಟು ಪೋಲು ಮಾಡುತ್ತವೆ. ಒಟ್ಟು ಒಂದು ವಾಟ್‌ನ ಇನ್ನೂರನೇ ಒಂದು ಭಾಗ ಬೇಕು ಅಂತ ಹಿಡಿದರೂ, ಒಂದು ಕಿಲೋ ತೂಕವನ್ನು ಒಂದು ಮೀಟರ್ ಎತ್ತಿಟ್ಟರೆ ಸಿಗುವ ಶಕ್ತಿ ಅರ್ಧ ಗಂಟೆಯಲ್ಲಿ ಮುಗಿದುಹೋಗುತ್ತದೆ. ಇಡೀ ರಾತ್ರಿ ಓಡಲು ಗೋಡೆ ಗಡಿಯಾರದ ಸ್ಪ್ರಿಂಗ್ ಸಾಲದು, ದಪ್ಪನೆಯದು ಬೇಕು.

ಚಕ್ರಗಳ ಲೆಕ್ಕವೂ ದೊಡ್ಡದು. ಸ್ಪ್ರಿಂಗಿನ ಡಬ್ಬ ಎರಡು ಗಂಟೆಗೆ ಒಂದು ಸುತ್ತು, ಫ್ಯಾನ್ ನಿಮಿಷಕ್ಕೆ 600 ಸುತ್ತು ಅಂದರೆ 72,000 ಪಟ್ಟು ಏರಿಸಬೇಕು. ಒಂದೊಂದು ಜೋಡಿಯಲ್ಲಿ ಎಂಟು ಪಟ್ಟು ಏರಿಸಿದರೂ ಆರು ಜೋಡಿ ಬೇಕು. ರೆಕ್ಕೆಗಳನ್ನು ದೊಡ್ಡದು ಮಾಡಿ, ವೇಗ ಕಡಿಮೆ ಇಡಿ. ಗಡಿಯಾರದಲ್ಲಿ ಟಿಕ್ ಟಿಕ್ ಎನ್ನುವ ಭಾಗ ಇಲ್ಲಿ ಬೇಡವೇ ಬೇಡ. ಫ್ಯಾನು ವೇಗವಾದಂತೆ ಗಾಳಿಯ ತಡೆ ವೇಗದ ವರ್ಗದಷ್ಟು ಏರುತ್ತದೆ, ಅದೇ ಕಡಿವಾಣ. ಸ್ಪ್ರಿಂಗಿನ ಬಲ ಅರ್ಧಕ್ಕೆ ಇಳಿದರೂ ಫ್ಯಾನಿನ ವೇಗ ಇಳಿಯುವುದು ನೂರರಿಂದ ಎಪ್ಪತ್ತಕ್ಕೆ ಮಾತ್ರ. ಆದರೆ ಒತ್ತಡ ಆಗ ಅರ್ಧವಾಗಿರುತ್ತದೆ, ಹಾಗಾಗಿ ಸ್ಪ್ರಿಂಗನ್ನು ಕೊನೆಯ ಸುತ್ತಿನವರೆಗೆ ಬಿಡದೆ ಮಧ್ಯದ ಸುತ್ತುಗಳಲ್ಲಷ್ಟೇ ಓಡಿಸಿ.

ನಡುವೆ ಯಂತ್ರ ನಿಂತರೆ ಉರಿ ಕೆಂಪಾಗಿ ಹೊಗೆಯಾಡುತ್ತದೆ, ಕೋಣೆಯೆಲ್ಲ ಮಸಿ. ಹಾಗಾಗಿ ಈ ದೀಪ ಹಚ್ಚಿಟ್ಟು ನಿದ್ದೆ ಹೋಗಬೇಡಿ, ಕೋಣೆಯ ಕಿಟಕಿ ತೆರೆದಿಡಿ. ಉರಿಯುವಾಗ ಎಣ್ಣೆ ತುಂಬಬೇಡಿ. ಆರಿಸುವಾಗ ಊದಬಾರದು, ಬತ್ತಿ ಇಳಿಸಬೇಕು. ಉರಿ ಹೋದ ಮೇಲೂ ಫ್ಯಾನನ್ನು ಐದು ನಿಮಿಷ ಓಡಲು ಬಿಡಿ. ಬರ್ನರಿನಲ್ಲಿ ಉಳಿದ ಬಿಸಿ ಟ್ಯಾಂಕಿಗೆ ಇಳಿಯುವ ಬದಲು ಗಾಳಿಯ ಜೊತೆ ಮೇಲೆ ಹೋಗುತ್ತದೆ.