ನಿಮ್ಮ ರಾಕೆಟ್ ಎಷ್ಟು ಎತ್ತರ ಹೋಯಿತು? ಅದೇ ಬರೆದಿಡಲಿ

ಮನೆಯಲ್ಲಿ ರಾಕೆಟ್ ಮಾಡೋಕೆ ಮದ್ದಿನ ಸಹವಾಸ ಬೇಡವೇ ಬೇಡ. ನೀರು, ಗಾಳಿ ಸಾಕು. ಆದರೆ ಸುಮ್ನೆ ಹಾರಿಸಿ ಚಪ್ಪಾಳೆ ತಟ್ಟಿದರೆ ಎಷ್ಟು ಎತ್ತರ ಹೋಯಿತು ಅಂತ ಗೊತ್ತಾಗುವುದಿಲ್ಲ, ಅಲ್ವಾ? ಅದಕ್ಕೇ ಒಳಗೊಂದು ಸೆನ್ಸರ್ ಇಡಬೇಕು.

ಮೊದಲು ಎರಡು ಲೀಟರಿನ ಕೋಲಾ ಬಾಟಲಿ ತೆಗೆದುಕೊಳ್ಳಿ. ಕುಡಿಯುವ ನೀರಿನ ಬಾಟಲಿ ತೆಳು, ಒತ್ತಡ ತಡೆಯುವುದಿಲ್ಲ. ಗೀರು ಬಿದ್ದದ್ದೂ ಬೇಡ. ಅದರ ಬುಡಕ್ಕೆ ಇನ್ನೊಂದು ಬಾಟಲಿಯ ಕತ್ತರಿಸಿದ ಮೇಲ್ಭಾಗವನ್ನು ಟೇಪ್ ಹಾಕಿ ಕೂರಿಸಿ, ತುದಿಗೆ ದಪ್ಪ ಸ್ಪಂಜು ಕಟ್ಟಿ. ಇದು ಮೂತಿ. ಬಾಯಿಯ ಕಡೆ ಮೂರು ರೆಕ್ಕೆ. ಬಿಸಿ ಅಂಟು ಬಳಸಬೇಡಿ, ಬಾಟಲಿ ಮೆತ್ತಗಾಗುತ್ತದೆ.

ಮೂತಿಯೊಳಗೆ ಕೂರುವ ಎಲೆಕ್ಟ್ರಾನಿಕ್ಸ್‌ಗೆ 3.3 ವೋಲ್ಟಿನ ಆರ್ಡುಯಿನೋ ಪ್ರೊ ಮಿನಿ (ಪ್ರೋಗ್ರಾಂ ಬರೆದು ಓಡಿಸುವ ಪುಟ್ಟ ಕಂಪ್ಯೂಟರ್ ಬೋರ್ಡ್), ಬಿಎಂಪಿ280 ಅನ್ನುವ ಸೆನ್ಸರ್, ಚಿಕ್ಕ ಲಿಥಿಯಂ ಪಾಲಿಮರ್ ಬ್ಯಾಟರಿ. ತಂತಿಗಳನ್ನು ಸೋಲ್ಡರ್ ಮಾಡಿ (ಬೆಸುಗೆ ಹಾಕಿ), ಬರೀ ಸಿಕ್ಕಿಸಿದರೆ ಹಾರುವಾಗಿನ ಎಳೆತಕ್ಕೆ ಕಿತ್ತು ಬರುತ್ತವೆ.

ಈ ಸೆನ್ಸರ್ ಅಳೆಯುವುದು ಎತ್ತರವನ್ನಲ್ಲ, ಗಾಳಿಯ ಒತ್ತಡವನ್ನು; ಮೇಲೆ ಹೋದಷ್ಟೂ ಅದು ಇಳಿಯುತ್ತದೆ, ಅದರಿಂದಲೇ ಎತ್ತರದ ಲೆಕ್ಕ. ಮಂಗಳೂರಿನ ಕಡಲ ತೀರದಲ್ಲಿ ಸುಮಾರು 1010 ಹೆಕ್ಟೋಪಾಸ್ಕಲ್ (ಗಾಳಿಯ ಒತ್ತಡದ ಅಳತೆ) ಇದ್ದರೆ ಬೆಂಗಳೂರಿನಲ್ಲಿ 910ರ ಆಸುಪಾಸು, ಹಾಗಾಗಿ ಸಮುದ್ರಮಟ್ಟದ ಲೆಕ್ಕದಲ್ಲೇ ಬಿಟ್ಟರೆ ಬೆಂಗಳೂರಿನ ಮೈದಾನದಲ್ಲಿ ನಿಂತ ರಾಕೆಟ್ಟೇ 900 ಮೀಟರ್ ಮೇಲಿದೆ ಅಂತ ತೋರಿಸುತ್ತದೆ. ಹಾರಿಸುವ ಮುಂಚೆ ನೆಲದ ಮೇಲೆ ಹತ್ತಾರು ಸಲ ಓದಿಸಿ, ಸರಾಸರಿಯನ್ನು ಸೊನ್ನೆ ಅಂತ ಇಟ್ಟುಕೊಳ್ಳಿ.

ಇನ್ನು ತೂತು. ಹೊರಗಿನ ಗಾಳಿ ಸೆನ್ಸರಿಗೆ ತಾಗಬೇಕು, ಆದರೆ ನುಗ್ಗಬಾರದು. ಇಳಿಜಾರಾದ ಮೂತಿಯಲ್ಲಿ ತೂತು ಕೊರೆದರೆ ಎದುರುಗಾಳಿ ಒತ್ತಿ ಅಳತೆ ಕೆಡುತ್ತದೆ. ಮೂತಿಯ ಕೆಳಗಿನ ನೇರ ಭಾಗದಲ್ಲಿ, ಸುತ್ತಲೂ ಸಮ ಅಂತರದಲ್ಲಿ ಮೂರು ಸಣ್ಣ ತೂತು ಸಾಕು. ಗಾಳಿ ತುಂಬುವ ಬಾಟಲಿಗೆ ಮಾತ್ರ ತೂತು ತಾಗಲೇಬಾರದು. ಸೆನ್ಸರಿನ ಮೇಲೆ ಕಪ್ಪು ಸ್ಪಂಜಿನ ತುಣುಕು ಇಡಿ, ಬಿಸಿಲು ಬಿದ್ದರೂ ಅದು ತಪ್ಪು ತೋರಿಸುತ್ತದೆ.

ಬೋರ್ಡಿನಲ್ಲಿ ಬ್ಯಾಟರಿ ತೆಗೆದರೂ ಉಳಿಯುವ ಮೆಮೊರಿ 1024 ಬೈಟ್. ಒಂದು ಅಳತೆಗೆ ಎರಡು ಬೈಟ್, ಸೆಕೆಂಡಿಗೆ 20 ಅಳತೆ ಅಂದರೆ 25 ಸೆಕೆಂಡ್ ಹಿಡಿಯುತ್ತದೆ. ನೀರಿನ ರಾಕೆಟ್ಟಿಗೆ ಧಾರಾಳ. ಎರಡು ಮೀಟರ್ ದಾಟಿದಾಗ ಬರೆಯಲು ಶುರುವಾಗಲಿ.

ನೀರಿಲ್ಲದೆ ಒಮ್ಮೆ ಪರೀಕ್ಷಿಸಿ. ಎಲ್ಲಾ ಜೋಡಿಸಿದ ಮೇಲೆ ತೂಕ ಸಮವಾಗುವ ಜಾಗಕ್ಕೆ ದಾರ ಕಟ್ಟಿ ತಲೆಯ ಮೇಲೆ ಗಿರಗಿರ ತಿರುಗಿಸಿ. ಮೂತಿ ಮುಂದಾಗಿ ಸುತ್ತಬೇಕು. ಅಡ್ಡಾದಿಡ್ಡಿ ಹೊರಳಿದರೆ ಮೂತಿಗೆ ಸ್ವಲ್ಪ ತೂಕ ಸೇರಿಸಿ.

ಖಾಲಿ ಮೈದಾನಕ್ಕೆ ಹೋಗಿ. ಮೂರನೇ ಒಂದು ಪಾಲು ನೀರು ಹಾಕಿ, ಮೀಟರ್ ಇರುವ ಸೈಕಲ್ ಪಂಪಿಗೆ ಉದ್ದನೆಯ ಪೈಪ್ ಸಿಕ್ಕಿಸಿ ದೂರದಿಂದಲೇ ಗಾಳಿ ತುಂಬಿ. 60 ಪಿಎಸ್‌ಐಗಿಂತ (ಪಂಪಿನ ಮೀಟರ್ ತೋರಿಸುವ ಒತ್ತಡದ ಅಳತೆ) ಜಾಸ್ತಿ ಬೇಡ. ದೂರ ನಿಂತೇ, ಬಾಟಲಿಯನ್ನು ಹಿಡಿದಿಟ್ಟ ಕೊಕ್ಕೆಯ ದಾರ ಎಳೆದು ಬಿಡಿ, ಮಕ್ಕಳು ಇನ್ನೂ ಹಿಂದೆ ಇರಲಿ. ಆಮೇಲೆ ಒತ್ತಡ ಅಷ್ಟೇ ಇಟ್ಟು ನೀರು ಮಾತ್ರ ಕಾಲು ಪಾಲಿಗೆ ಇಳಿಸಿ ಹಾರಿಸಿ, ಎರಡು ಸಲದ ಅಳತೆಗಳನ್ನೂ ಗ್ರಾಫ್ ಮಾಡಿ ಪಕ್ಕಪಕ್ಕ ಇಟ್ಟು ನೋಡಿ.